ಪುಸ್ತಕ ಬರೆಯೋರಿಗೆ ದುಡ್ಡು ಯಾರು ಕೊಡ್ತಾರೆ

ಹೋದ ತಿಂಗಳು ಒಂದು ಭಾನುವಾರ ಊರಿಗೆ ಹೋಗಿದ್ದೆ, ಬಂಗಾರಪೇಟೆ ತಾಲ್ಲೂಕಲ್ಲಿ ಕಾಮಸಮುದ್ರದ ಕಡೆ ನಮ್ಮೂರು. ಅಟ್ಟದ ಮೇಲೆ ಇಲಿ ಓಡಾಡ್ತಿದೆ, ಆ ಟ್ರಂಕು ಇಳಿಸು ಪಾಪಾ ಅಂದ್ಲು ಅಮ್ಮ. ತುಕ್ಕು ಹಿಡಿದ ತಗಡಿನ ಟ್ರಂಕು, ಒಳಗೆ ಹಳೇ ಸೀರೆಲಿ ಸುತ್ತಿಟ್ಟಿದ್ದ, ಅಮ್ಮನ ಮಹಿಳಾ ಸಂಘದ ನಾಲ್ಕು ಪುಸ್ತಕ ಇದ್ವು: ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ್ದೊಂದು ಲೆಡ್ಜರ್, ಸಾಲದ್ದೊಂದು ಲೆಡ್ಜರ್. ನಡಾವಳಿ ಪುಸ್ತಕ ಬಿಡಿಸಿದ್ರೆ ನನ್ನದೇ ಅಕ್ಷರ, ಏಳನೇ ಕ್ಲಾಸಲ್ಲಿ ಬರೆದಿದ್ದು. "ಈ ದಿನದ ಸಭೆಗೆ 17 ಜನ ಹಾಜರು, 2 ಜನ ಗೈರುಹಾಜರು. ಉಳಿತಾಯ 34 ರೂಪಾಯಿ ಜಮಾ." ಕೆಳಗೆ ಹದಿನೇಳು ಹೆಬ್ಬೆಟ್ಟಿನ ಗುರುತು, ಒಂದೇ ಒಂದು ರುಜು ಇಲ್ಲ.

ವಾರಕ್ಕೆ ಎರಡು ರೂಪಾಯಿ ಉಳಿತಾಯ. ಈಗ ಅದನ್ನ ಹೇಳಿದ್ರೆ ನನ್ನ ಮಗನಿಗೆ ನಂಬಿಕೆ ಬರಲ್ಲ, ಆದ್ರೆ ಕೂಲಿ ಹೆಣ್ಣುಮಕ್ಕಳ ಕೈಲಿ ಆಗ ಎರಡು ರೂಪಾಯಿ ನಿಲ್ತಿತ್ತು ಅನ್ನೋದೇ ದೊಡ್ಡದು. ಶುಕ್ರವಾರ ರಾತ್ರಿ ಊಟ ಆದ್ಮೇಲೆ ನಮ್ಮ ಜಗಲಿ ಮೇಲೆ ಲಾಟೀನು ಇಟ್ಕೊಂಡು ಸಭೆ. ಮಾತೆಲ್ಲ ತೆಲುಗಲ್ಲಿ, ಬರೆಯೋದು ಕನ್ನಡದಲ್ಲಿ, ನಮ್ಮ ಕಡೆ ಎಲ್ಲಾ ಕೆಲಸನೂ ಹಂಗೇ ತಾನೇ. ಅವರು ತೆಲುಗಲ್ಲಿ ಜಗಳ ಆಡಿದ್ದನ್ನ ನಾನು ಕನ್ನಡಕ್ಕೆ ತಿರುಗಿಸಿ "ಚರ್ಚಿಸಿ ತೀರ್ಮಾನಿಸಲಾಯಿತು" ಅಂತ ಬರೀತಿದ್ದೆ. ದುಡ್ಡಿನ ಪೆಟ್ಟಿಗೆ ಒಬ್ಬರ ಮನೇಲಿ, ಬೀಗದ ಕೈ ಇನ್ನೊಬ್ಬರ ಮನೇಲಿ. ಲೇಟಾಗಿ ಬಂದ್ರೆ ನಾಲ್ಕಾಣೆ ದಂಡ. ಯಾರಿಗೆ ಸಾಲ ಕೊಡಬೇಕು ಅನ್ನೋದನ್ನ ಎಲ್ಲರ ಮುಂದೆ ಕೇಳಿ ಎಲ್ಲರ ಮುಂದೆ ಕೊಡೋದು, ನಮ್ಮ ದೊಡ್ಡಮ್ಮಂಗೆ ಮೊದಲನೇ ಸಾರಿ ಸಾಲ ಕೊಟ್ಟಿದ್ದು 60 ರೂಪಾಯಿ, ರಾಗಿ ತರೋಕೆ. ಅದು ಸಾಲದ ಲೆಡ್ಜರಲ್ಲಿ ಇನ್ನೂ ಇದೆ, ಐದು ಕಂತಲ್ಲಿ ತೀರಿಸಿದ್ದಾರೆ.

ಈ ಪುಸ್ತಕಗಳನ್ನ ಮಡಿಲಲ್ಲಿ ಇಟ್ಕೊಂಡು ಕೂತಾಗ ನನಗೆ ಅನ್ನಿಸಿದ್ದನ್ನ ಬರೀಬೇಕು ಅಂತ ಒಂದು ತಿಂಗಳಿಂದ ಅಂದ್ಕೊಳ್ತಿದ್ದೀನಿ. ಯಾಕಂದ್ರೆ ನಾನೀಗ ಹೊಟ್ಟೆಪಾಡಿಗೆ ಮಾಡೋದೂ ಇದೇ ಕೆಲಸ, ಕೋಲಾರದಲ್ಲಿ ಒಂದು ಆಡಿಟರ್ ಆಫೀಸಲ್ಲಿ ಲೆಕ್ಕ ಬರೀತೀನಿ, ನಮ್ಮ ಹತ್ರ ಬರೋರಲ್ಲಿ ಸಣ್ಣ ಸಣ್ಣ ಟ್ರಸ್ಟು, ಮಹಿಳಾ ಒಕ್ಕೂಟ, ರೈತರ ಕಂಪನಿ ಜಾಸ್ತಿ. ಸರ್ಕಾರದ ಅನುದಾನ ಇವರ ಕೈಗೆ ಹೆಂಗೆ ಬರುತ್ತೆ, ಬಂದ್ಮೇಲೆ ಏನಾಗುತ್ತೆ ಅನ್ನೋದನ್ನ ಹದಿನೆಂಟು ವರ್ಷದಿಂದ ವೋಚರ್ ವೋಚರ್ ನೋಡ್ತಾ ಬಂದಿದ್ದೀನಿ.

ನಮ್ಮ ಜಿಲ್ಲೆಯವರಿಗೇ ಮರೆತುಹೋಗಿರೋ ಒಂದು ವಿಷಯ ಮೊದಲು ಹೇಳ್ತೀನಿ. ಇವತ್ತು ದೇಶದಲ್ಲಿ ಸುಮಾರು 10 ಕೋಟಿ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳಲ್ಲಿ ಇದ್ದಾರಲ್ಲ, ಅದರ ಬೇರು ಹುಡುಕ್ತಾ ಹೋದ್ರೆ ಒಂದು ಬೇರು ನಮ್ಮ ಕಡೆಗೇ ಬಂದು ಸೇರುತ್ತೆ. 1984-85ರ ಸುಮಾರಿಗೆ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಕೆಲವು ಒಡೆದುಹೋದ್ವು, ದೊಡ್ಡೋರ ಕೈ ಮೇಲಾಗಿ ಬಡವರಿಗೆ ನಂಬಿಕೆ ಹೋಯ್ತು. ಆಗ ಜನ ತಾವಾಗೇ, ಒಬ್ಬರನ್ನೊಬ್ಬರು ನಂಬೋ ಹದಿನೈದು ಇಪ್ಪತ್ತು ಜನ ಸೇರಿ ಸಣ್ಣ ಗುಂಪು ಮಾಡ್ಕೊಂಡು, ನಮಗೆ ಇದೇ ಸರಿ ಅಂದ್ರು. ಸಂಸ್ಥೆಯವರು ಅದನ್ನ ಕೇಳಿಸ್ಕೊಂಡ್ರು, ಅದು ಅವರ ದೊಡ್ಡತನ. 1987ರಲ್ಲಿ ನಬಾರ್ಡ್, ಅಂದ್ರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಈ ಪ್ರಯೋಗಕ್ಕೆ ಅಂತ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಡ್ತು. ಆಮೇಲೆ 1991ರ ಡಿಸೆಂಬರಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಕೋಲಾರ ಜಿಲ್ಲೆಯ ಒಂದು ಮಹಿಳಾ ಸಂಘಕ್ಕೆ, ವ್ಯಕ್ತಿಗಲ್ಲ ಸಂಘಕ್ಕೇ, ಸಾಲ ಕೊಡ್ತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರು ಮಾಡ್ತು. ಮುಂದಿನ ಕಥೆ ಎಲ್ಲರಿಗೂ ಗೊತ್ತು.

ನನ್ನ ಮನಸ್ಸಲ್ಲಿ ಕೂತಿರೋದು ಆ 10 ಲಕ್ಷ. ಅದು ಕಟ್ಟಡಕ್ಕೆ ಬಂದಿದ್ದಲ್ಲ, ಹೊಲಿಗೆ ಮಿಷಿನ್ನಿಗೂ ಬಂದಿದ್ದಲ್ಲ. ಸಂಘದವರು ತಾವೇ ಎಷ್ಟು ಉಳಿಸಿದಾರೋ ಅದಕ್ಕೆ ಜೋಡಿಯಾಗಿ ಕೊಡೋಕೆ, ಸಂಘ ಕಟ್ಟೋಕೆ, ತರಬೇತಿಗೆ ಅಂತ ಬಂದಿದ್ದು. ಉಳಿತಾಯ ಮೊದಲು, ಅನುದಾನ ಅದರ ಹಿಂದೆ. ನಮ್ಮಮ್ಮನ ಸಂಘ ಆಮೇಲೆ ಶುರುವಾಗಿದ್ದು, ಆದ್ರೂ ಆ ಕ್ರಮದ ಗಾಳಿ ನಮ್ಮೂರಿಗೂ ಬೀಸಿತ್ತು ಅನ್ಸುತ್ತೆ. ತಿಂಗಳಿಗೊಂದು ಸಾರಿ ಸೈಕಲ್ಲಲ್ಲಿ ಒಬ್ಬರು ಅಣ್ಣ ಬರ್ತಿದ್ರು, ನನ್ನ ಪಕ್ಕ ಕೂತ್ಕೊಂಡು ಪುಸ್ತಕ ಪೂರ್ತಿ ನೋಡಿ, ತಪ್ಪಿರೋ ಕಡೆ ಪೆನ್ಸಿಲಲ್ಲಿ ಸಣ್ಣ ಗುರುತು ಹಾಕಿ, ಮುಂದಿನ ಸಾರಿ ಬರೋ ಹೊತ್ತಿಗೆ ನೀನೇ ಹುಡುಕಿ ಸರಿ ಮಾಡು ಅಂತ ಹೇಳಿ ಹೋಗೋರು. ನನಗೆ ಜಮಾ ಖರ್ಚು ಕಲಿಸಿದ್ದು ಅವರು, ಕಾಲೇಜಲ್ಲಿ ಬಿಕಾಂ ಮಾಡಿದ್ದು ಆಮೇಲೆ. ಅವರಿಗೆ ಯಾರೋ ಎಲ್ಲಿಂದಲೋ ಸಂಬಳ ಕೊಡ್ತಿದ್ರಲ್ಲ, ಆ ಸಂಬಳನೇ ನಮ್ಮ ಸಂಘಕ್ಕೆ ಬಂದ ಅತಿ ದೊಡ್ಡ ಅನುದಾನ ಅಂತ ನಾನು ಈಗ ಹೇಳ್ತೀನಿ, ಆಗ ಅದು ಅನುದಾನ ಅಂತ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಬಂದಿದ್ದು ಬೇರೆ ಕಾಲ. 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ಬಂತು, ಗುಂಪಿಗೆ ಅರ್ಧಕ್ಕರ್ಧ ಸಬ್ಸಿಡಿ, 1.25 ಲಕ್ಷದವರೆಗೆ. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಬಂತು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ, ಒಂದೊಂದು ಸಂಘಕ್ಕೆ 5,000 ರೂಪಾಯಿ ಸುತ್ತು ನಿಧಿ, ಅಂದ್ರೆ ಸದಸ್ಯರಿಗೆ ಸಾಲ ಕೊಟ್ಟು ವಾಪಸ್ ತಗೊಂಡು ಮತ್ತೆ ಕೊಡೋ ದುಡ್ಡು. ಸ್ತ್ರೀಶಕ್ತಿಯಿಂದ ಎಷ್ಟೋ ಹೆಣ್ಣುಮಕ್ಕಳು ಮೊದಲನೇ ಸಾರಿ ಬ್ಯಾಂಕಿನ ಮೆಟ್ಟಿಲು ಹತ್ತಿದ್ರು, ಅದನ್ನ ನಾನು ಕಣ್ಣಾರೆ ನೋಡಿದೀನಿ, ಅಲ್ಲಗಳೆಯಲ್ಲ. ಆದ್ರೆ ಸಬ್ಸಿಡಿ ದೊಡ್ಡದಾದ ಕಡೆ ಇನ್ನೊಂದೂ ನೋಡಿದೆ. ಯಾರೋ ಬಂದು ಇಪ್ಪತ್ತು ಹೆಸರು ಬರೀರಿ, ಆರು ತಿಂಗಳು ಪಾಸ್‌ಬುಕ್ಕಲ್ಲಿ ಉಳಿತಾಯ ತೋರಿಸಿ, ಎಮ್ಮೆ ಬರುತ್ತೆ ಅಂದ್ರು. ಎಮ್ಮೆನೂ ಬಂತು, ಸಬ್ಸಿಡಿನೂ ಬಂತು, ಹಂಚ್ಕೊಂಡಿದ್ದೂ ಆಯ್ತು. ಆ ಸಂಘದ ನಡಾವಳಿ ಪುಸ್ತಕದಲ್ಲಿ ಆರು ತಿಂಗಳ ಸಭೆ ಒಂದೇ ಇಂಕಲ್ಲಿ ಒಂದೇ ಕೈಲಿ ಬರೆದಿರೋದು, ಏಳನೇ ತಿಂಗಳಿಂದ ಖಾಲಿ ಹಾಳೆ. ಆ ಹೆಣ್ಣುಮಕ್ಕಳ ಮೇಲೆ ನನಗೆ ಕೋಪ ಇಲ್ಲ, ಮನೆ ಬಾಗಿಲಿಗೆ ಬಂದ ಎಮ್ಮೆನ ಬೇಡ ಅನ್ನೋಕೆ ಆಗುತ್ತಾ. ದುಡ್ಡು ಸಂಘಕ್ಕಿಂತ ಮುಂಚೆ ಬಂದ್ಬಿಡ್ತು ಅಷ್ಟೇ.

ಕೆರೆಗಳ ವಿಷಯನೂ ಹಂಗೇ ಆಯ್ತು. ಕೋಲಾರ ಅಂದ್ರೆ ಕೆರೆ, ನದಿ ಅಂತ ವರ್ಷಪೂರ್ತಿ ಹರಿಯೋದು ಒಂದೂ ಇಲ್ಲ ನಮಗೆ. 2002ರಿಂದ ಆಚೆಗೆ ವಿಶ್ವಬ್ಯಾಂಕ್ ನೆರವಲ್ಲಿ ಜಲಸಂವರ್ಧನೆ ಯೋಜನಾ ಸಂಘದವರು ಕೆರೆಗೊಂದು ಬಳಕೆದಾರರ ಸಂಘ ಮಾಡಿಸಿದ್ರು, ಊರಿನೋರೇ ವಂತಿಗೆ ಹಾಕಿ, ಊರಿನೋರೇ ಹೂಳು ತೆಗೆಸಿ, ತೂಬು ಕೋಡಿ ರಿಪೇರಿ ಮಾಡಿಸಿ ಮುಂದೆ ನೋಡ್ಕೊಳ್ಳಬೇಕು ಅನ್ನೋ ಆಲೋಚನೆ. ಒಳ್ಳೇ ಆಲೋಚನೆ. ಹಿಂದೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ, ತೂಬು ಎತ್ತೋದು ಇಳಿಸೋದು ಅವನದೇ, ಅವನಿಗೆ ಊರು ಸುಗ್ಗೀಲಿ ಕಣದ ಹತ್ರ ರಾಗಿ ಭತ್ತ ಅಳೆದು ಕೊಡ್ತಿತ್ತು. ಅಂದ್ರೆ ಕೆರೆ ನೋಡ್ಕೊಳ್ಳೋನ ಹೊಟ್ಟೆಗೆ ಏನು ಅಂತ ನಮ್ಮ ಹಿರೀಕರು ಮೊದಲೇ ಯೋಚಿಸಿದ್ರು! ನಮ್ಮ ಪಕ್ಕದೂರಿನ ಕೆರೆ ಸಂಘಕ್ಕೆ ಏರಿ ಕೆಲಸಕ್ಕೆ ದುಡ್ಡು ಬಂತು, ಕೆಲಸ ಚೆನ್ನಾಗೇ ಆಯ್ತು, ಆದ್ರೆ ಕೆಲಸ ಮುಗಿದ ವರ್ಷದಿಂದ ಕಾರ್ಯದರ್ಶಿಗೆ ಬಸ್ ಚಾರ್ಜಿಗೂ ಗತಿ ಇಲ್ಲ, ಅವರು ಎಷ್ಟು ದಿನ ಕೈಯಿಂದ ಹಾಕ್ಕೊಂಡು ಓಡಾಡ್ತಾರೆ. ಸರ್ವಸದಸ್ಯರ ಸಭೆ ನಿಂತು ಎಷ್ಟೋ ವರ್ಷ ಆಯ್ತು.

ಈಗ ನಮ್ಮ ಆಫೀಸಿಗೆ ಬರೋ ಸಂಸ್ಥೆಗಳ ಮಾತಿಗೆ ಬರ್ತೀನಿ. ಒಂದು ಸಣ್ಣ ಟ್ರಸ್ಟೋ ಸಂಘವೋ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಬೇಕಂದ್ರೆ ನೋಂದಣಿ ಇರಬೇಕು, ಪ್ರತಿ ವರ್ಷ ಅದನ್ನ ಚಾಲ್ತಿಲಿ ಇಡಬೇಕು, ಪ್ಯಾನ್, ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ, ನೀತಿ ಆಯೋಗದ ದರ್ಪಣ್ ಪೋರ್ಟಲಿನ ನಂಬರ್, ಸರ್ಕಾರ ದುಡ್ಡು ಕಳಿಸೋ ಪಿಎಫ್‌ಎಂಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆಲಿ ಬ್ಯಾಂಕ್ ಖಾತೆ ಜೋಡಣೆ, ಮೂರು ವರ್ಷದ ಆಡಿಟ್ ವರದಿ, ಕೊನೆಗೆ ಫಾರ್ಮ್ 12-ಎ ಅಂತ ಬಳಕೆ ಪ್ರಮಾಣಪತ್ರ. ಇದೆಲ್ಲ ಬೇಡ ಅಂತ ನಾನು ಹೇಳಲ್ಲ, ಇದು ಜನರ ತೆರಿಗೆ ದುಡ್ಡು, ಒಂದೊಂದು ರೂಪಾಯಿಗೂ ಲೆಕ್ಕ ಇರಲೇಬೇಕು, ನಾನು ಲೆಕ್ಕದೋಳು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಲೆಕ್ಕ ಇಲ್ಲದ ಕಡೆ ಏನಾಗುತ್ತೆ ಅಂತ. ಆದ್ರೆ ಇಷ್ಟು ಲೆಕ್ಕ ಕೇಳೋರು ಆ ಲೆಕ್ಕ ಬರೆಯೋರಿಗೆ ಒಂದು ರೂಪಾಯಿನೂ ಇಡಲ್ಲ ಅನ್ನೋದು ನನ್ನ ಸಂಕಟ.

ನಾಲ್ಕು ವರ್ಷದ ಹಿಂದೆ ಒಂದು ಮಹಿಳಾ ಒಕ್ಕೂಟಕ್ಕೆ ನಾನೇ ಕೂತು ಪ್ರಸ್ತಾವನೆ ಮಾಡಿಕೊಟ್ಟೆ. ರಾಗಿ ಹುರಿಹಿಟ್ಟು, ಮಾಲ್ಟು, ಸಿರಿಧಾನ್ಯ ಪ್ಯಾಕ್ ಮಾಡಿ ಮಾರೋದು ಅವರ ಆಸೆ. ನಾವು ಬರೆದಿದ್ದು ಹಿಂಗೆ: ಮೊದಲನೇ ವರ್ಷ ಮಿಷಿನ್ ಬೇಡ, ಬಾಡಿಗೆ ಮಿಲ್ಲಲ್ಲಿ ಮಾಡಿಸ್ಕೊಳ್ತೀವಿ, ಒಬ್ಬ ಹುಡುಗಿನ ಲೆಕ್ಕಕ್ಕೆ ಇಟ್ಕೊಳ್ತೀವಿ ಅವಳಿಗೆ ತಿಂಗಳಿಗೆ 8,000 ಗೌರವಧನ, ನಿರ್ದೇಶಕಿಯರಿಗೆ ಎರಡು ತರಬೇತಿ, ಸಂತೆ ಮೇಳಕ್ಕೆ ಹೋಗಿಬರೋ ಖರ್ಚು, ಆಡಿಟ್ ಫೀಸು. ಮಿಷಿನ್ ಎರಡನೇ ವರ್ಷ ನೋಡೋಣ. ಮಂಜೂರಾಗಿ ಬಂದ ಆದೇಶದಲ್ಲಿ ಗೌರವಧನಕ್ಕೆ ಸೊನ್ನೆ, ತರಬೇತಿಗೆ ಸೊನ್ನೆ, ಓಡಾಟಕ್ಕೆ ಸೊನ್ನೆ. ಯಂತ್ರೋಪಕರಣಕ್ಕೆ ಮಾತ್ರ, ಕೇಳಿದ್ದಕ್ಕಿಂತ ಜಾಸ್ತಿ. ದುಡ್ಡು ಖಾತೆಗೆ ಬಿದ್ದಿದ್ದು ಮಾರ್ಚ್ 19ಕ್ಕೆ, 31ರೊಳಗೆ ಬಿಲ್ಲು ಕೊಡಿ ಅಂತ ದಿನಕ್ಕೆ ಎರಡು ಸಲ ಫೋನು. ಹನ್ನೆರಡು ದಿನದಲ್ಲಿ ಮೂರು ಕೊಟೇಶನ್ ತಗೊಂಡು, ನಿರ್ಣಯ ಬರೆದು, ಮಿಷಿನ್ ತರಿಸಿದ್ದಾಯ್ತು. ಲಾರಿ ಬಂದು ಮಿಷಿನ್ ಇಳಿಸಿದ ದಿನ ಗೊತ್ತಾಗಿದ್ದು ಅದಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಒಕ್ಕೂಟದ ಕೋಣೆಗೆ ಇರೋದು ಸಿಂಗಲ್ ಫೇಸ್. ಲೈನ್ ಎಳೆಸೋಕೆ ಆಗೋ ಖರ್ಚಿಗೆ ಆದೇಶದಲ್ಲಿ ಕಾಲಂ ಇಲ್ಲ. ಆ ಮಿಷಿನ್ನಿಗೆ ಟಾರ್ಪಾಲ್ ಹೊದಿಸಿ, ಅದರ ಮೇಲೆ ಆಯುಧಪೂಜೆಗೆ ಇಟ್ಟ ಕುಂಕುಮ ಇನ್ನೂ ಹಂಗೇ ಇದೆ. ಒಕ್ಕೂಟದ ಅಧ್ಯಕ್ಷೆ ಅಕ್ಕ ನನ್ನ ಮುಂದೆ ಕಣ್ಣಲ್ಲಿ ನೀರು ಹಾಕ್ಕೊಂಡು, "ನಮ್ಮನ್ನ ಕೇಳಿದ್ದೇ ಆದ್ರೆ ನಾವು ಇದನ್ನ ಕೇಳ್ತಿರಲಿಲ್ಲ ಕಣಮ್ಮ, ನಾವು ಕೇಳಿದ್ದು ಒಬ್ಬ ಹುಡುಗಿನ" ಅಂದ್ರು.

ಯಾಕೆ ಹಿಂಗೆ ಅಂತ ತುಂಬಾ ಯೋಚನೆ ಮಾಡಿದೀನಿ. ಮಿಷಿನ್ನಿಗೆ ಫೋಟೋ ಇರುತ್ತೆ, ಬಿಲ್ಲು ಇರುತ್ತೆ, ಇನ್‌ಸ್ಪೆಕ್ಷನ್‌ಗೆ ಬಂದೋರು ಮುಟ್ಟಿ ನೋಡಬಹುದು. ಹನ್ನೆರಡು ತಿಂಗಳು ಒಬ್ಬಳು ಕೂತು ನಗದು ಪುಸ್ತಕನ ದಿನದಿನಕ್ಕೆ ತಾಳೆ ಮಾಡಿದ್ಲು ಅನ್ನೋದಕ್ಕೆ ಫೋಟೋ ಎಲ್ಲಿಂದ ತರೋದು. ಸಂಬಳಕ್ಕೆ ಕೊಟ್ರೆ ದುರುಪಯೋಗ ಆಗುತ್ತೆ ಅನ್ನೋ ಭಯನೂ ಇದೆ, ಆ ಭಯ ಸುಳ್ಳಲ್ಲ, ಸಂಸ್ಥೆ ಹೆಸರಲ್ಲಿ ಮನೆಯೋರಿಗೆಲ್ಲ ಸಂಬಳ ಹಾಕ್ಕೊಂಡ ಫೈಲುಗಳನ್ನ ನಾನೂ ನೋಡಿದೀನಿ. ಆಡಳಿತ ವೆಚ್ಚ ಅನ್ನೋ ಪದವೇ ಒಂಥರಾ ಕಳಂಕ ಹತ್ತಿದ ಪದ ಆಗ್ಬಿಟ್ಟಿದೆ. ವಿದೇಶಿ ದೇಣಿಗೆ ಕಾನೂನಿಗೂ 2020ರಲ್ಲಿ ತಿದ್ದುಪಡಿ ತಂದು ಆಡಳಿತ ವೆಚ್ಚದ ಮಿತಿನ ಶೇಕಡ 50ರಿಂದ 20ಕ್ಕೆ ಇಳಿಸಿದ್ರು, ದೊಡ್ಡ ಸಂಸ್ಥೆ ಆ ದುಡ್ಡನ್ನ ಇನ್ನೊಂದು ಸಂಸ್ಥೆಗೆ ಹಂಚೋ ಹಂಗಿಲ್ಲ ಅಂತನೂ ಮಾಡಿದ್ರು. ಬೆಂಗಳೂರಿನ ದೊಡ್ಡ ಸಂಸ್ಥೆ ಮೂಲಕ ಬರ್ತಿದ್ದ ಸಣ್ಣ ಮೊತ್ತದಲ್ಲಿ ಒಬ್ಬ ಫೀಲ್ಡ್ ವರ್ಕರ್ ಇಟ್ಕೊಂಡಿದ್ದ ಎರಡು ಟ್ರಸ್ಟು ನಮ್ಮ ಆಫೀಸಿಗೆ ಬರ್ತಿದ್ವು. ಈಗ ಅವರಲ್ಲಿ ಫೀಲ್ಡ್ ವರ್ಕರ್ ಇಲ್ಲ, ಬೋರ್ಡು ಇದೆ.

ಅಂಥ ದಾರಿಗಳು ಮುಚ್ಚಿದ ಮೇಲೆ ಈ ಕೆಲಸ ಸರ್ಕಾರವೇ ಮಾಡಬೇಕಾಗುತ್ತೆ, ಮಾಡೋಕೂ ಬರುತ್ತೆ. ಸಂಜೀವಿನಿ ನೋಡಿ, ರಾಷ್ಟ್ರೀಯ ಜೀವನೋಪಾಯ ಅಭಿಯಾನನ ನಮ್ಮ ರಾಜ್ಯದಲ್ಲಿ ಆ ಹೆಸರಲ್ಲಿ ಕರೀತಾರೆ, ಅದರಲ್ಲಿ ಪಂಚಸೂತ್ರ ಅಂತ ಇದೆ: ವಾರದ ಸಭೆ, ಉಳಿತಾಯ, ಒಳಸಾಲ, ಸರಿಯಾದ ಮರುಪಾವತಿ, ಪುಸ್ತಕ ನಿರ್ವಹಣೆ. ಇದನ್ನ ಪಾಲಿಸಿದ ಸಂಘಕ್ಕೆ ಮಾತ್ರ ಸುತ್ತು ನಿಧಿ. ಸಮುದಾಯ ಬಂಡವಾಳ ನಿಧಿ ಒಕ್ಕೂಟಕ್ಕೆ ಅನುದಾನವಾಗಿ ಬರುತ್ತೆ, ಸಂಘಕ್ಕೆ ಸಾಲವಾಗಿ ಹೋಗುತ್ತೆ, ತೀರಿಸಿದ್ದು ಒಕ್ಕೂಟದಲ್ಲೇ ಉಳಿದು ಇನ್ನೊಂದು ಸಂಘಕ್ಕೆ ಹೋಗುತ್ತೆ. ಪಂಚಸೂತ್ರದ ಪಾಠ ಮೊದಲ ಸಾರಿ ಕೇಳಿದಾಗ ನನಗೆ ಮೈ ಜುಮ್ ಅಂತು, ಇದು ನಮ್ಮ ಜಗಲಿ ಮೇಲೆ ಲಾಟೀನು ಬೆಳಕಲ್ಲಿ ನಡೀತಿದ್ದಿದ್ದೇ ಅಲ್ವಾ ಅಂತ.

ರೈತ ಉತ್ಪಾದಕ ಸಂಸ್ಥೆಗಳ ಯೋಜನೆ, 2020ರಲ್ಲಿ 10,000 ಸಂಸ್ಥೆ ಕಟ್ತೀವಿ ಅಂತ ಕೇಂದ್ರ ತಂದಿದ್ದು, ಅದರಲ್ಲೂ ಈ ಬುದ್ಧಿ ಇದೆ. ರೈತ ಒಬ್ಬನು ಷೇರು ಅಂತ ಎಷ್ಟು ಹಾಕ್ತಾನೋ ಅಷ್ಟಕ್ಕೆ ಸಮ ಅನುದಾನ, ಒಬ್ಬರಿಗೆ 2,000 ರೂಪಾಯಿವರೆಗೆ, ಸಂಸ್ಥೆಗೆ ಒಟ್ಟು 15 ಲಕ್ಷದವರೆಗೆ. ಅದರ ಜೊತೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ವೆಚ್ಚ, ಸಿಇಒ ಸಂಬಳ, ಲೆಕ್ಕಿಗರ ಸಂಬಳ, ಬಾಡಿಗೆ, ಓಡಾಟ ಎಲ್ಲ ಅದರಲ್ಲೇ. ಸರ್ಕಾರಿ ಕಾಗದದಲ್ಲಿ ಲೆಕ್ಕಿಗರ ಸಂಬಳ ಅಂತ ಅಚ್ಚಾಗಿದ್ದನ್ನ ನೋಡಿ ನಾನು ಎರಡು ಸಲ ಓದಿದೆ. ಟೊಮೇಟೊ ಮಾವು ಬೆಳೆಯೋ ನಮ್ಮ ಜಿಲ್ಲೆಗೆ ಇಂಥ ಸಂಸ್ಥೆ ಎಷ್ಟು ಬೇಕು ಅಂತ ಕೋಲಾರದ ಎಪಿಎಂಸಿಲಿ ಬೆಳಗ್ಗೆ ಬಾಕ್ಸ್ ಹರಾಜಾಗೋದು ನೋಡಿದೋರಿಗೆ ನಾನು ಹೇಳಬೇಕಾಗಿಲ್ಲ.

ತೊಂದರೆ ಬರೋದು ನಾಲ್ಕನೇ ವರ್ಷ. ಮೂರು ವರ್ಷದಲ್ಲಿ ಮುನ್ನೂರು ರೈತರನ್ನ ಸೇರಿಸಿ, ಲೈಸೆನ್ಸ್ ತಗೊಂಡು, ಗೊಬ್ಬರ ಬೀಜದ ಅಂಗಡಿ ತೆಗೆದು, ಅದರ ಲಾಭದಲ್ಲೇ ಇಬ್ಬರಿಗೆ ಸಂಬಳ ಕೊಡೋ ಹಂತ ಮುಟ್ಟೋದು ನಮ್ಮಂಥ ಮಳೆ ನಂಬ್ಕೊಂಡಿರೋ ಕಡೆ ಸುಲಭ ಇಲ್ಲ. ಅಂಥ ಒಂದು ಸಂಸ್ಥೆಯ ಹುಡುಗ ಸಿಇಒ ಮೂರು ವರ್ಷ ಕೆಲಸ ಕಲಿತು, ಸಂಬಳ ನಿಂತ ತಿಂಗಳು ನರಸಾಪುರದ ಫ್ಯಾಕ್ಟರಿಗೆ ಸೇರ್ಕೊಂಡ. ಅವನನ್ನ ತಪ್ಪು ಅನ್ನೋಕೆ ಆಗಲ್ಲ, ಹೆಂಡ್ತಿ ಮಕ್ಕಳಿದ್ದಾರೆ. ನನ್ನ ಕೇಳಿದ್ರೆ ಆ ದುಡ್ಡನ್ನೇ ಆರು ವರ್ಷಕ್ಕೆ ಹರಡಿ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬನ್ನಿ ಅಂತೀನಿ. ಮಗುಗೆ ಎದೆಹಾಲು ಬಿಡಿಸೋವಾಗ ಯಾವ ತಾಯಿನೂ ಒಂದೇ ದಿನಕ್ಕೆ ಬಿಡಿಸಲ್ಲ.

ಅಮ್ಮನ ಸಂಘದ ಬಗ್ಗೆ ಬರೀ ಒಳ್ಳೇದೇ ಹೇಳಿದ್ರೆ ಮೋಸ ಆಗುತ್ತೆ. ನಾನು ಮದುವೆಯಾಗಿ ಬಂದ್ಮೇಲೆ ಪುಸ್ತಕ ಬರೆಯೋರು ಯಾರೂ ಸಿಗಲಿಲ್ಲ, ಎರಡು ವರ್ಷ ಬಾಯಿ ಲೆಕ್ಕದಲ್ಲೇ ನಡೀತು, ಆಮೇಲೆ 11,400 ರೂಪಾಯಿ ತಾಳೆ ಆಗಲಿಲ್ಲ. ಯಾರೂ ತಿಂದಿರಲಿಲ್ಲ ಅಂತ ನನಗೆ ಈಗಲೂ ನಂಬಿಕೆ ಇದೆ, ಕೊಟ್ಟಿದ್ದು ಬಂದಿದ್ದು ಯಾರೂ ಬರೆದಿಡಲಿಲ್ಲ ಅಷ್ಟೇ. ಆದ್ರೆ ಜಗಳ ಆಯ್ತು, ಅಕ್ಕತಂಗೀರ ಹಂಗೆ ಇದ್ದೋರು ಒಬ್ಬರ ಮನೆ ಬೋರಿನ ನೀರು ಇನ್ನೊಬ್ಬರು ಮುಟ್ಟದಷ್ಟು. ಸಂಘ ನಿಂತುಹೋಯ್ತು. ಅದೇ ಹೊತ್ತಿಗೆ ಮೈಕ್ರೋಫೈನಾನ್ಸ್‌ನವರು ಬೈಕಲ್ಲಿ ಬಂದ್ರು. ಅವರದನ್ನೂ ನಮ್ಮ ಕಡೆ ಸಂಘ ಅಂತಲೇ ಕರೀತಾರೆ, ಒಂದೇ ಪದ ಆಗೋಯ್ತು, ಅಲ್ಲಿ ನಿಮ್ಮ ಉಳಿತಾಯ ಇಲ್ಲ ನಿಮ್ಮ ಪುಸ್ತಕ ಇಲ್ಲ, ಕಂತು ಮಾತ್ರ ಇದೆ. 2009ರಲ್ಲಿ ಕೋಲಾರ ಟೌನಲ್ಲಿ ಆ ಕಂತು ಕಟ್ಟಲ್ಲ ಅಂತ ಜನ ನಿಂತಿದ್ದು ನೆನಪಿರಬಹುದು, 2025ರಲ್ಲಿ ವಸೂಲಿ ಕಿರುಕುಳ ತಡೆಯೋಕೆ ಸರ್ಕಾರ ಸುಗ್ರೀವಾಜ್ಞೆನೇ ತರಬೇಕಾಯ್ತು. ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಕೊಟ್ಟು ನಮ್ಮೂರಲ್ಲಿ ಒಬ್ಬರನ್ನ ಪುಸ್ತಕಕ್ಕೆ ಇಟ್ಟಿದ್ದಿದ್ರೆ ಅಮ್ಮನ ಸಂಘ ಉಳೀತಿತ್ತು ಅನ್ನೋ ಮಾತು ನನ್ನ ಎದೇಲಿ ಕೂತುಬಿಟ್ಟಿದೆ, ನಾನೇ ಅವತ್ತು ತಿಂಗಳಿಗೊಂದು ಸಾರಿ ಬಂದು ಬರೆದುಕೊಡಬಹುದಿತ್ತು ಅನ್ನೋದೂ.

ಮಿಷಿನ್ ಸಿಕ್ಕ ಆ ಒಕ್ಕೂಟದವರು ಹೋದ ವಾರ ಆಫೀಸಿಗೆ ಬಂದಿದ್ರು, ಹೊಸ ಅರ್ಜಿ ಹಾಕಬೇಕು ಅಂತ. ಒಂದು ನಿರ್ಣಯ ಮಾಡ್ಕೊಂಡು ಬಂದಿದ್ದಾರೆ: ಪ್ರತಿ ಸದಸ್ಯೆ ತಿಂಗಳಿಗೆ 10 ರೂಪಾಯಿ ಪುಸ್ತಕದ ವಂತಿಗೆ ಕೊಡೋದು, 212 ಜನ ಇದ್ದಾರೆ, ತಿಂಗಳಿಗೆ 2,120 ಆಗುತ್ತೆ, ಅದರ ಮೇಲೆ ಅಷ್ಟೇ ಮೊತ್ತ ಸರ್ಕಾರ ಕೊಡಲಿ ಅಂತ ಕೇಳೋದು. ನಬಾರ್ಡ್ ವಿಷಯ, 1987ರ ವಿಷಯ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಆ ಅಕ್ಕ ಟೇಬಲ್ ಮೇಲೆ ಮೊದಲನೇ ತಿಂಗಳ ವಂತಿಗೆ ರಸೀದಿ ಪುಸ್ತಕ ಇಟ್ರು, 212ರಲ್ಲಿ 187 ರಸೀದಿ ಹರಿದಿತ್ತು, ಉಳಿದ 25 ಜನ ಟೊಮೇಟೊ ಬಿಡಿಸೋಕೆ ಹೋಗಿದ್ದಾರೆ, ಬಂದ್ಮೇಲೆ ಕೊಡ್ತಾರೆ ಅಂದ್ರು.

ಗೌರವಧನದ ಕಾಲಂನ ನಾನು ಮೊದಲನೇ ಪುಟಕ್ಕೇ ತಂದಿದ್ದೀನಿ, ರಸೀದಿ ಪುಸ್ತಕದ ಜೆರಾಕ್ಸ್ ಅದರ ಹಿಂದೆಯೇ ಪಿನ್ ಮಾಡಿದ್ದೀನಿ. ಸೋಮವಾರ ಅವರ ಜೊತೆ ನಾನೂ ರಜೆ ಹಾಕಿ ಹೋಗ್ತಿದ್ದೀನಿ, ಅರ್ಜಿ ಕೊಟ್ಟು ಸ್ವೀಕೃತಿ ಮೇಲೆ ಸೀಲ್ ಹಾಕಿಸ್ಕೊಂಡು ಬರೋಕೆ.